ಯಾರ ಮಾತಿನ ಮೇಲೆ ಕಟ್ಟುತ್ತೇವೆ

ದೊಡ್ಡ ತಂತ್ರಾಂಶವೊಂದನ್ನು ತೋರಿಸಿ, ಇದನ್ನು ಆದ್ಯಂತ ಬಲ್ಲವರು ಯಾರು ಎಂದು ಕೇಳಿದರೆ ನಿಜವಾದ ಉತ್ತರ ಒಂದೇ: ಯಾರೂ ಇಲ್ಲ. ಮುಖ್ಯ ವಿನ್ಯಾಸಕಾರರಿಗೆ ಯಾವ ಭಾಗ ಯಾವುದಕ್ಕೆ ಸೇರುತ್ತದೆಂದು ಗೊತ್ತು, ಒಂದೊಂದು ಭಾಗದ ಒಳಗಿನ ಲೆಕ್ಕಾಚಾರ ಗೊತ್ತಿರುವುದಿಲ್ಲ. ಲೆಕ್ಕಾಚಾರ ಬರೆದವರಿಗೆ ತಮ್ಮ ಉತ್ತರವನ್ನು ಮುಂದೆ ಯಾರು, ಯಾವುದಕ್ಕೆ ಬಳಸುತ್ತಾರೆಂದು ಗೊತ್ತಿರುವುದಿಲ್ಲ. ಆದರೂ ಕೆಲಸ ನಡೆಯುತ್ತದೆ. ರೈಲಿನ ಟಿಕೆಟ್ ಸಿಗುತ್ತದೆ, ಪಿಂಚಣಿ ಖಾತೆಗೆ ಬೀಳುತ್ತದೆ, ನಾಡಕಚೇರಿಯಲ್ಲಿ ಪಹಣಿ ಕೈಗೆ ಬರುತ್ತದೆ.

ಬೆಂಗಳೂರಿನ ಕಂಪನಿಗಳಲ್ಲಿ ಬಹಳ ಕಾಲ ಇಂಥ ಕೆಲಸ ಮಾಡಿ, ಈಗ ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರನೇ ವರ್ಷದ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೇನೆ. ತಂಡ ಕಟ್ಟಿಕೊಂಡು ದೊಡ್ಡ ವ್ಯವಸ್ಥೆಯೊಂದನ್ನು ವಿಶ್ಲೇಷಿಸುವುದು, ವಿನ್ಯಾಸ ಮಾಡುವುದು ಈ ಪಾಠದ ವಿಷಯ. ಪಠ್ಯದಲ್ಲಿ ಚಿತ್ರ ಬಿಡಿಸುವ ವಿಧಾನಗಳಿವೆ, ಹೆಜ್ಜೆಗಳಿವೆ, ಅವನ್ನು ಕಲಿಸುವುದು ಕಷ್ಟವಲ್ಲ. ಕಷ್ಟವಾಗುವುದು ಅದರ ಬುಡದಲ್ಲಿರುವ ಪ್ರಶ್ನೆ. ನಾನು ಕಣ್ಣಾರೆ ಕಾಣದ್ದನ್ನು, ನಾನೇ ತರ್ಕಿಸಿ ಕಂಡುಕೊಳ್ಳದ್ದನ್ನು, ಪಕ್ಕದ ತಂಡದವರು ಹೇಳಿದರೆಂದು ಒಪ್ಪಿಕೊಂಡು ಅದರ ಮೇಲೆ ಕಟ್ಟುತ್ತಾ ಹೋಗುತ್ತೇನೆ. ಹಾಗೆ ಒಪ್ಪಿಕೊಂಡದ್ದನ್ನು ಅರಿವು ಎನ್ನಬಹುದೆ?

ಈ ಪ್ರಶ್ನೆ ನಮ್ಮ ದರ್ಶನಗಳಿಗೆ ಹೊಸದಲ್ಲ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದರು. ಬೌದ್ಧರೂ ವೈಶೇಷಿಕರೂ ಮಾತಿನಿಂದ ಬರುವ ತಿಳಿವಳಿಕೆಯನ್ನು ಅನುಮಾನದೊಳಗೆ ಸೇರಿಸಿದರು: ಹೇಳಿದವನು ನಂಬಿಗಸ್ತ, ಆದ್ದರಿಂದ ಹೇಳಿದ್ದು ನಿಜವಿರಬೇಕು ಎಂದು ನಾವು ಒಳಗೊಳಗೇ ಊಹಿಸುತ್ತೇವೆ, ಅಷ್ಟೇ ಎಂಬುದು ಅವರ ವಾದ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಆಪ್ತನ ಮಾತು ತನ್ನಷ್ಟಕ್ಕೆ ತಾನೇ ಒಂದು ಪ್ರಮಾಣ, ಅದನ್ನು ಊಹೆಗೆ ಇಳಿಸಬೇಡಿ ಎಂದರು. ನಮ್ಮಪ್ಪ ಪಾಠಶಾಲೆಯಲ್ಲಿ ತರ್ಕ ಹೇಳುತ್ತಿದ್ದವರು. ಅನ್ನಂಭಟ್ಟನ ತರ್ಕಸಂಗ್ರಹ ಅವರಿಗೆ ಬಾಯಿಪಾಠ. ಶಬ್ದಪ್ರಮಾಣ ಎಂದರೆ ವೇದ ಮಾತ್ರ ಎಂದು ಚಿಕ್ಕಂದಿನಲ್ಲಿ ತಿಳಿದಿದ್ದ ನನಗೆ ಅವರು ಪರಂಪರೆಯ ಹಳೆಯ ಉದಾಹರಣೆಯೊಂದನ್ನು ಹೇಳುತ್ತಿದ್ದರು: ಹೊಳೆಯ ದಂಡೆಯ ಮೇಲೆ ಐದು ಹಣ್ಣುಗಳಿವೆ ಎಂದು ಯಾರೋ ದಾರಿಹೋಕ ಹೇಳುತ್ತಾನೆ, ಕೇಳಿದವನು ಹೋಗುತ್ತಾನೆ, ಹಣ್ಣು ಸಿಗುತ್ತದೆ. ಇದರಲ್ಲಿ ಮಂತ್ರವಿಲ್ಲ, ಋಷಿಯಿಲ್ಲ. ಒಬ್ಬ ಕಂಡವನು, ಒಬ್ಬ ಕೇಳಿದವನು, ಮಧ್ಯೆ ಒಂದು ಮಾತು. ಇದ್ದುದನ್ನು ಇದ್ದ ಹಾಗೆ ಹೇಳುವವನು ಆಪ್ತ, ಅಷ್ಟೇ ಕಣಮ್ಮ, ಎನ್ನುತ್ತಿದ್ದರು ಅಪ್ಪ.

ತಂಡದ ಕೆಲಸದ ಬಗ್ಗೆ ಮಾತೆತ್ತಿದರೆ ತರಗತಿಯಲ್ಲಿ ಯಾರಾದರೊಬ್ಬರು ಆನೆ ಮತ್ತು ಕುರುಡರ ಕಥೆ ತೆಗೆಯುತ್ತಾರೆ. ಅನೇಕಾಂತವನ್ನು ವಿವರಿಸಲು ಜೈನರು ಬಳಸಿದ, ಬೌದ್ಧರ ಉದಾನದಲ್ಲೂ ಬರುವ ಕಥೆ. ನನಗೆ ಅದರ ಮೇಲೆ ಗೌರವವಿದೆ, ಆದರೆ ಈ ಪಾಠಕ್ಕೆ ಅದು ಸಾಲದು. ಕಥೆಯಲ್ಲಿ ಕಣ್ಣಿದ್ದವನೊಬ್ಬ ಯಾವಾಗಲೂ ಇರುತ್ತಾನೆ. ಬೌದ್ಧರ ಕಥೆಯಲ್ಲಿ ಅವನು ಶ್ರಾವಸ್ತಿಯ ರಾಜ. ಜೈನರಿಗೆ ಎಲ್ಲವನ್ನೂ ಏಕಕಾಲಕ್ಕೆ ಕಾಣುವ ಕೇವಲಜ್ಞಾನಿ ಇದ್ದಾನೆ. ಯಾರೋ ಪೂರ್ತಿ ಆನೆಯನ್ನು ಕಂಡಿದ್ದರಿಂದಲೇ ಉಳಿದವರದು ಬರೀ ಒಂದು ಅಂಶ ಎಂದು ಹೇಳಲು ಬರುತ್ತದೆ. ನಮ್ಮ ತಂಡದಲ್ಲಿ ಕೇವಲಿ ಇಲ್ಲ, ರಾಜನೂ ಇಲ್ಲ. ಅಷ್ಟೇ ಅಲ್ಲ, ನಾವು ಮುಟ್ಟುವ ಹೊತ್ತಿಗೆ ಆನೆಯೇ ಇನ್ನೂ ಹುಟ್ಟಿರುವುದಿಲ್ಲ.

ಎಲ್ಲರೂ ಎಲ್ಲವನ್ನೂ ತಿಳಿದುಕೊಳ್ಳಲಿ ಎಂಬ ಪ್ರಯತ್ನವೂ ಒಮ್ಮೆ ನಡೆದಿದೆ. 1960ರ ದಶಕದಲ್ಲಿ ಐಬಿಎಂ ತನ್ನ ಸಿಸ್ಟಮ್/360 ಯಂತ್ರಗಳಿಗಾಗಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿತು. ಕೆಲಸ ಏರಿದ ಕಾಲಕ್ಕೆ ಅದರಲ್ಲಿ ಸಾವಿರಕ್ಕೂ ಹೆಚ್ಚು ಜನ. ಅದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, ಪ್ರತಿಯೊಬ್ಬ ಪ್ರೋಗ್ರಾಮರ್ ಕೂಡ ಪ್ರತಿಯೊಂದು ಭಾಗದ ವಿವರವನ್ನು ನೋಡುವಂತಿರಬೇಕೆಂದು ಒಂದು ಕೈಪಿಡಿ ಮಾಡಿಸಿದರು. ಅದು ಸುಮಾರು 5 ಅಡಿ ದಪ್ಪ ಬೆಳೆಯಿತು. ದಿನದಿನದ ತಿದ್ದುಪಡಿ ಹಾಳೆಗಳನ್ನು ಅದರೊಳಗೆ ಸೇರಿಸುವುದೇ ಒಂದು ಉದ್ಯೋಗವಾಗಿ, ಕೊನೆಗೆ ಕಾಗದ ಬಿಟ್ಟು ಮೈಕ್ರೋಫಿಶ್‌ಗೆ ಹೋಗಬೇಕಾಯಿತು. ಡೇವಿಡ್ ಪಾರ್ನಾಸ್ ಇದಕ್ಕೆ ನೇರ ವಿರುದ್ಧವಾದ ದಾರಿ ತೋರಿಸಿದರು. 1972ರ ಅವರ ಲೇಖನದ ತಿರುಳು ಇದು: ವ್ಯವಸ್ಥೆಯನ್ನು ಭಾಗ ಮಾಡುವಾಗ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡಿ. ಹೊರಗಿನವರಿಗೆ ಅದು ಏನು ಕೊಡುತ್ತದೆಂದು ಹೇಳಿದರೆ ಸಾಕು, ಹೇಗೆ ಮಾಡುತ್ತದೆಂದು ಹೇಳಬೇಡಿ. ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಇದನ್ನು ಒಪ್ಪಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1995ರ ಆವೃತ್ತಿಯಲ್ಲಿ, ಪಾರ್ನಾಸ್ ಹೇಳಿದ್ದೇ ಸರಿಯೆಂದು ಬರೆದರು.

ಪಾರ್ನಾಸ್ ಮಾತನ್ನು ಎಂಜಿನಿಯರಿಂಗ್ ಸೂತ್ರವೆಂದು ಓದಿ ಮುಗಿಸಿದರೆ ಅದರ ಅರ್ಧ ಕೈತಪ್ಪುತ್ತದೆ. ಇನ್ನೊಬ್ಬರ ಭಾಗದ ಒಳಗನ್ನು ತಿಳಿಯದೇ ಇರುವ ಸ್ವಾತಂತ್ರ್ಯ ನನಗೆ ಸಿಗುವುದು ಅವರು ಹೇಳಿದ ಮಾತು ನಿಲ್ಲುತ್ತದೆಂಬ ಭರವಸೆಯ ಮೇಲೆ. ಅಲ್ಲಿಗೆ ಸರ್ವಜ್ಞತ್ವದ ಆಸೆ ಬಿಟ್ಟ ಹಾಗಾಯಿತು. ಅದರ ಜಾಗದಲ್ಲಿ ಆಪ್ತತ್ವದ ಹೊಣೆ ಬಂದು ಕೂತಿತು.

ಹಲವು ವರ್ಷಗಳಿಂದ ನಾನು ತರಗತಿಗೆ ಒಂದೇ ವಿಷಯ ಕೊಡುತ್ತಿದ್ದೇನೆ: ಒಂದು ತುಂಡು ಜಮೀನು ಮಾರಾಟವಾದಾಗ ಏನೇನು ಆಗುತ್ತದೆ? ನಮ್ಮ ರಾಜ್ಯದಲ್ಲಿ ಕಂದಾಯ ಇಲಾಖೆಗೆ ‘ಭೂಮಿ’ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದ ದೊಡ್ಡ ಕೆಲಸ ಅದು. ನೋಂದಣಿ ಮತ್ತು ಮುದ್ರಾಂಕ ಇಲಾಖೆಗೆ ‘ಕಾವೇರಿ’, ಭೂಮಾಪನ ಇಲಾಖೆಗೆ ‘ಮೋಜಿಣಿ’. ಇಲಾಖೆಗೊಂದು ತಂತ್ರಾಂಶ. ಸಂಸ್ಥೆಯೊಂದು ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಮಾತುಕತೆಯ ಆಕಾರವನ್ನೇ ತಾಳುತ್ತದೆಂದು ಮೆಲ್ವಿನ್ ಕಾನ್ವೆ 1968ರಲ್ಲಿ ಬರೆದದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಮಕ್ಕಳೇ ನೋಡಿ ಹೇಳುತ್ತಾರೆ. ಕಂದಾಯದವರಿಗೆ ಜಮೀನೆಂದರೆ ಸರ್ವೆ ನಂಬರು ಮತ್ತು ಹಿಸ್ಸಾ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ಪತ್ರದ ಕೊನೆಗೆ ಬರುವ ಷೆಡ್ಯೂಲು, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಭೂಮಾಪಕರಿಗೆ ನಕ್ಷೆ. ತರಗತಿಯೂ ಮೂರು ತಂಡವಾಗುತ್ತದೆ. ಒಂದೊಂದು ತಂಡ ಒಂದೊಂದು ಇಲಾಖೆಯ ಪಾಲನ್ನು ವಿನ್ಯಾಸ ಮಾಡುತ್ತದೆ, ಮೂರನ್ನೂ ಜೋಡಿಸಿದಾಗ ಮಾರಾಟ ಮುಗಿದು ಖಾತೆ ಬದಲಾಗಬೇಕು.

ಒಂದು ವರ್ಷ ಜೋಡಣೆಯ ದಿನ 12 ಗುಂಟೆ ಕಾಣೆಯಾಯಿತು. ನೋಂದಣಿ ತಂಡ ವಿಸ್ತೀರ್ಣವನ್ನು 2.20 ಎಂದು ಕಳಿಸಿತ್ತು. ಅವರ ಮನಸ್ಸಿನಲ್ಲಿದ್ದದ್ದು 2 ಎಕರೆ 20 ಗುಂಟೆ, ಹಳ್ಳಿಯಲ್ಲಿ ಯಾರಾದರೂ ಓದುವುದು ಹಾಗೆಯೇ. ಖಾತೆ ಬದಲಾವಣೆಯ, ಅಂದರೆ ಮ್ಯುಟೇಷನ್ನಿನ, ಕೆಲಸ ಹೊತ್ತ ಕಂದಾಯದ ತಂಡ ಅದನ್ನು ದಶಾಂಶವಾಗಿ ತೆಗೆದುಕೊಂಡಿತು. ಎಕರೆಗೆ 40 ಗುಂಟೆ, ಎಕರೆಯ ಹತ್ತರಲ್ಲಿ ಎರಡು ಭಾಗವೆಂದರೆ 8 ಗುಂಟೆ. ಎರಡೂ ತಂಡಗಳ ಕೋಡ್ ಬೇರೆಬೇರೆಯಾಗಿ ಪರೀಕ್ಷೆ ಮಾಡಿದರೆ ಸರಿಯಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಸೋಮಾರಿಗಳಾಗಿರಲಿಲ್ಲ.

ಆ ದಿನ ಅವರಿಗೆ ಮಂಗಳಕ್ಕೆ ಹೋದ ನೌಕೆಯ ಕಥೆ ಹೇಳಿದೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರಿನಲ್ಲಿ ಹೊರಟು 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಗುತ್ತಿಗೆ ಸಂಸ್ಥೆಯ ತಂತ್ರಾಂಶ ನೌಕೆಯ ಚಿಕ್ಕ ತಳ್ಳುಗಳ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಡುತ್ತಿತ್ತು, ದಾರಿ ಲೆಕ್ಕ ಹಾಕುವ ತಂಡ ಅದನ್ನು ನ್ಯೂಟನ್ ಎಂದು ಓದುತ್ತಿತ್ತು. ನಡುವಿನ ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಮಂಗಳದ ಮೇಲ್ಮೈಯಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆ 57 ಕಿಲೋಮೀಟರಿಗೆ ಇಳಿದಿತ್ತು. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಒಪ್ಪಂದದ ದಾಖಲೆಯಲ್ಲಿ ಬರೆದೇ ಇತ್ತು. ಲೆಕ್ಕ ಕೂಡುತ್ತಿಲ್ಲವೆಂಬ ಅನುಮಾನ ದಾರಿಯಲ್ಲೇ ಕೆಲವರಿಗೆ ಬಂದಿತ್ತು, ಅದು ಮುಟ್ಟಬೇಕಾದಲ್ಲಿಗೆ ಗಟ್ಟಿಯಾಗಿ ಮುಟ್ಟಲಿಲ್ಲ. ಈ ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತದೆ. ಆಪ್ತನಾಗಲು ತಿಳಿದಿರುವುದಷ್ಟೇ ಸಾಲದು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದನ್ನು ಬಹಳ ಸ್ಪಷ್ಟವಾಗಿ ಕಂಡಿದ್ದ. ವಸ್ತುವನ್ನು ಸ್ವತಃ ಅರಿತಿರಬೇಕು, ಮತ್ತು ಅರಿತ ಹಾಗೆಯೇ ಇನ್ನೊಬ್ಬರಿಗೆ ಮುಟ್ಟಿಸಬೇಕೆಂಬ ಇಚ್ಛೆ ಇರಬೇಕು. ಗೊತ್ತಿದ್ದೂ ಸುಮ್ಮನೆ ಕೂತವನು, ಒಮ್ಮೆ ಮೆಲ್ಲಗೆ ಹೇಳಿ ಕೈತೊಳೆದುಕೊಂಡವನು ಎಷ್ಟೇ ಪಂಡಿತನಾಗಿದ್ದರೂ ಈ ಲಕ್ಷಣಕ್ಕೆ ಸೇರುವುದಿಲ್ಲ.

ವಾತ್ಸ್ಯಾಯನನ ಇನ್ನೊಂದು ಮಾತು ನನಗೆ ಇದಕ್ಕಿಂತಲೂ ಮುಖ್ಯ. ಆಪ್ತನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಹೇಳುತ್ತಾನೆ. ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ಹೀಗೆ ಬರೆದ ಪರಂಪರೆಯೇ ಯಾರ್ಯಾರ ಮಾತಿಗೆ ಕಿವಿ ಮುಚ್ಚಿಕೊಂಡಿತೆಂಬುದು ನನಗೆ ಗೊತ್ತಿದೆ, ಅದನ್ನು ಮರೆಮಾಚಿ ಈ ವಾಕ್ಯವನ್ನು ಹೊಗಳಲಾರೆ. ಆದರೂ ಲಕ್ಷಣ ಲಕ್ಷಣವೇ. ಅದನ್ನು ನಿಜಕ್ಕೂ ಪಾಲಿಸಿದರೆ ಏನಾಗುತ್ತದೆಂದು ನಾನು ನೋಡಿದ್ದು ನಂಜನಗೂಡು ಕಡೆಯ ಒಂದು ಹಳ್ಳಿಯಲ್ಲಿ.

ವಿಶ್ಲೇಷಣೆಯ ಭಾಗವಾಗಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ. ಅಂದು ಜಮೀನಿನ ಮಾಲೀಕರನ್ನು, ಗ್ರಾಮ ಲೆಕ್ಕಿಗರನ್ನು ಮಾತಾಡಿಸಿ, ಪಹಣಿಯ ಪ್ರತಿ ಇಟ್ಟುಕೊಂಡು ಎಲ್ಲ ಮುಗಿಯಿತೆಂದು ಹೊರಟಿದ್ದರು. ಬದುವಿನ ಮೇಲೆ ಕಳೆ ಕೀಳುತ್ತಿದ್ದ ಹೆಂಗಸೊಬ್ಬರನ್ನು ಹುಡುಗಿಯೊಬ್ಬಳು ಮಾತಿಗೆಳೆದಳು. ‘ಅಜ್ಜಿ, ಈ ಕಡೆ ಗಾಡಿ ಬರುತ್ತಾ?’ ಎಂದದ್ದಕ್ಕೆ ಆಕೆ, ‘ನಕಾಶೆಲಿ ಇಲ್ದೇ ಇದ್ರೆ ಏನಾಯ್ತು ಮಗ, ನಮ್ಮತ್ತೆ ಕಾಲ್ದಿಂದ ಗಾಡಿ ಹೋಗೋದು ಇದೇ ದಾರೀಲಿ’ ಎಂದರು. ಆಚೆಯ ನಾಲ್ಕು ಹೊಲಗಳಿಗೆ ಅದೊಂದೇ ದಾರಿ. ಮಾರುವ ತುಂಡಿನ ನಟ್ಟನಡುವೆ ಹಾದುಹೋಗುತ್ತದೆ. ನಕಾಶೆ ಕಂಡ ದಾರಿಗೆ ದಾಖಲೆಯಿದೆ, ರೂಢಿಯ ದಾರಿಗೆ ಜನರ ನೆನಪೇ ದಾಖಲೆ. ಮೂರೂ ತಂಡಗಳ ವಿನ್ಯಾಸದಲ್ಲಿ ಮಾಲೀಕ ಇದ್ದ, ಸಾಲ ಇತ್ತು, ಬೆಳೆ ಇತ್ತು, ದಾರಿ ಎಂಬುದೇ ಇರಲಿಲ್ಲ. ಆಕೆಯನ್ನು ಯಾರೂ ಕೇಳದಿದ್ದುದಕ್ಕೆ ಕಾರಣ ಸರಳ: ಆಕೆಯ ಹೆಸರು ಪಹಣಿಯ 9ನೇ ಕಾಲಂನಲ್ಲಿಲ್ಲ. ದಾಖಲೆಯಲ್ಲಿ ಹೆಸರಿಲ್ಲದವರ ಮಾತು ನಮ್ಮ ವಿನ್ಯಾಸದೊಳಕ್ಕೂ ಬರುವುದಿಲ್ಲ. ಹಾಗೆ ಕಟ್ಟಿದ ವ್ಯವಸ್ಥೆ ಮುಂದಿನ ತಲೆಮಾರಿಗೆ ಆ ಹೆಸರಿಲ್ಲದಿರುವಿಕೆಯನ್ನೇ ಸತ್ಯವೆಂದು ದಾಟಿಸುತ್ತದೆ. ತಂತ್ರಾಂಶದ ವಿಶ್ಲೇಷಣೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿ. ಯಾರನ್ನು ಕೇಳಿದೆವು ಎಂಬುದು ಏನನ್ನು ಅರಿತೆವು ಎಂಬುದನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಹೇಳುವವರು ಬೇಕೇ ಬೇಕೆ, ಕೋಡ್ ಓದಿದರೆ ಸಾಲದೆ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಿದ ವಸ್ತು ಕಣ್ಣೆದುರಿಗಿದೆ, ಅದರಿಂದ ಮಾಡಿದವರ ಮನಸ್ಸನ್ನು ಊಹಿಸಿಕೊಂಡರಾಯಿತು ಎಂಬ ಭಾವನೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಇದಕ್ಕೆ ಹತ್ತಿರದ ವಾದವೊಂದನ್ನು ಮುರಿಯುತ್ತಾರೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ ಇರಬೇಕೆಂದು ಊಹಿಸುವುದು ನಿಲ್ಲುವುದಿಲ್ಲ, ಇವೆಲ್ಲ ಒಂದೇ ಕಾಲದಲ್ಲಿ ಒಬ್ಬನೇ ಮಾಡಿದ್ದೆಂಬುದಕ್ಕೆ ಊಹೆಯಲ್ಲಿ ಆಧಾರವಿಲ್ಲ, ಈಶ್ವರನನ್ನು ತಿಳಿಯಲು ಶಾಸ್ತ್ರವೇ ದಾರಿ ಎನ್ನುತ್ತಾರೆ. ಅಷ್ಟು ದೊಡ್ಡ ವಿಷಯವನ್ನು ನಮ್ಮ ಕೋಡಿಗೆ ಎಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕೃತಿಯಿಂದ ಕರ್ತೃವಿನ ಸಂಕಲ್ಪಕ್ಕೆ ಏರುವ ಏಣಿ ಗಟ್ಟಿಯಾಗಿಲ್ಲವೆಂಬ ಆ ಎಚ್ಚರ ನನಗೆ ಕೆಲಸದಲ್ಲಿ ದಿನವೂ ಬೇಕಾಗಿದೆ.

ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟವನ್ನೇ ನೋಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂದಿಂದ ಮೇಲೆದ್ದು ಸುಮಾರು 40 ಸೆಕೆಂಡಿನಲ್ಲಿ ಸಿಡಿದುಹೋಯಿತು. ಏರಿಯಾನ್ 4ಕ್ಕೆಂದು ಬರೆದ ತಂತ್ರಾಂಶವನ್ನು ಅದರಲ್ಲಿ ಹಾಗೆಯೇ ಬಳಸಿದ್ದರು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವ ಜಾಗದಲ್ಲಿ, ಹೊಸ ರಾಕೆಟ್ಟಿನ ವೇಗಕ್ಕೆ ಆ ಸಂಖ್ಯೆ ಹಿಡಿಸಲಾರದಷ್ಟು ದೊಡ್ಡದಾಯಿತು. ಅಲ್ಲಿ ಕಾವಲು ಹಾಕದೇ ಬಿಟ್ಟದ್ದು ಮರೆವಿನಿಂದಲ್ಲ. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಅಷ್ಟು ಬೆಳೆಯಲಾರದೆಂದು ಯೋಚಿಸಿಯೇ ಬಿಟ್ಟಿದ್ದರು, ಅಲ್ಲಿಗೆ ಆ ತೀರ್ಮಾನ ಸರಿಯೂ ಆಗಿತ್ತು. ಆದರೆ ಆ ಕಾರಣ ಕೋಡಿನಲ್ಲಿ ನೇರವಾಗಿ ಎಲ್ಲೂ ಬರೆದಿರಲಿಲ್ಲವೆಂದು ತನಿಖಾ ಮಂಡಳಿ ಹೇಳಿತು. ಆ ಕೋಡನ್ನು ಎಷ್ಟು ಸಲ ಓದಿದರೂ ‘ಇಷ್ಟರವರೆಗೆ ಮಾತ್ರ ನನ್ನ ಮಾತು ನಿಜ’ ಎಂಬುದು ಅದರಿಂದ ಹೊರಡುತ್ತಿರಲಿಲ್ಲ. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲೇ ಇದನ್ನು ಹೇಳಿದ್ದರು: ಪ್ರೋಗ್ರಾಮ್ ಎಂಬುದು ಕಟ್ಟಿದವರ ತಲೆಯಲ್ಲಿರುವ ಒಂದು ಸಿದ್ಧಾಂತ, ಬರಹ ಅದರ ಕುರುಹು ಮಾತ್ರ, ಆ ಜನ ಚದುರಿಹೋದರೆ ಪ್ರೋಗ್ರಾಮ್ ಸತ್ತ ಹಾಗೆ. ಗುರುಮುಖೇನ ಕಲಿಯಬೇಕೆಂದು ಅಪ್ಪ ಹಟ ಹಿಡಿಯುತ್ತಿದ್ದಾಗ ಹಳೆಯ ಕಾಲದವರೆಂದುಕೊಂಡಿದ್ದೆ. ನೌರ್ ಅವರನ್ನು ಓದಿದ ಮೇಲೆ ಆ ಹಟದ ಅರ್ಥ ಬೇರೆಯಾಗಿ ಕಂಡಿತು.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಿಬಿಡುವುದೆ? ಇಲ್ಲಿ ನಮ್ಮವರಲ್ಲೇ ಎರಡು ಪಕ್ಷ. ನೈಯಾಯಿಕರು ಪರತಃ ಪ್ರಾಮಾಣ್ಯದವರು. ಅರಿವು ಸರಿಯೋ ತಪ್ಪೋ ಎಂಬುದು ಹೊರಗಿನಿಂದ, ಅದನ್ನು ನಂಬಿ ಮಾಡಿದ ಕೆಲಸ ಫಲಿಸಿತೇ ಎಂಬುದರಿಂದ ಗೊತ್ತಾಗಬೇಕು. ಹಣ್ಣು ಸಿಕ್ಕಿದರೆ ಮಾತು ನಿಜ. ಮೀಮಾಂಸಕರೂ ನಮ್ಮ ಮಧ್ವಾಚಾರ್ಯರ ಪರಂಪರೆಯೂ ಸ್ವತಃ ಪ್ರಾಮಾಣ್ಯದ ಕಡೆಗೆ. ಅರಿವು ಹುಟ್ಟುವಾಗಲೇ ಸರಿಯೆಂದು ತೋರುತ್ತದೆ, ಅದನ್ನು ಸುಳ್ಳೆಂದು ತೋರಿಸುವ ಬಾಧಕ ಬಂದಾಗ ಮಾತ್ರ ಬಿಡಬೇಕು. ಪ್ರತಿ ಅರಿವಿಗೂ ಇನ್ನೊಂದು ಅರಿವಿನ ಸಾಕ್ಷಿ ಕೇಳಿದರೆ ಆ ಸಾಕ್ಷಿಗೆ ಮತ್ತೊಂದು ಸಾಕ್ಷಿ ಬೇಕಾಗಿ ಅನವಸ್ಥೆಯಾಗುತ್ತದೆ. ಮಳಖೇಡದ ಟೀಕಾಚಾರ್ಯ ಜಯತೀರ್ಥರ ಪ್ರಮಾಣಪದ್ಧತಿಯನ್ನು ನಮ್ಮ ಮನೆಯಲ್ಲಿ ಓದಿಸುತ್ತಿದ್ದರಾದ್ದರಿಂದ ಈ ಎರಡನೆಯ ಪಕ್ಷ ನನ್ನ ರಕ್ತದಲ್ಲಿದೆ.

ಉದ್ಯೋಗ ಮಾತ್ರ ಮೊದಲನೆಯದನ್ನು ಕಲಿಸಿತು. ನಾವು ಟೆಸ್ಟ್ ಎಂದು ಕರೆಯುವುದು ಶುದ್ಧ ಪರತಃ ಪ್ರಾಮಾಣ್ಯ: ಓಡಿಸಿ ನೋಡು, ಫಲಿಸಿದರೆ ಒಪ್ಪು. ಆದರೆ ಆ ಟೆಸ್ಟನ್ನು ಟೆಸ್ಟ್ ಮಾಡುವವರು ಯಾರು? 12 ಗುಂಟೆ ಕಾಣೆಯಾದಾಗ ಎರಡು ತಂಡಗಳ ಟೆಸ್ಟುಗಳೂ ಪಾಸಾಗಿದ್ದವು, ಯಾಕೆಂದರೆ ತಪ್ಪು ತಿಳಿವಳಿಕೆಯಿಂದಲೇ ಟೆಸ್ಟನ್ನೂ ಬರೆದಿದ್ದರು. ಜಯತೀರ್ಥರ ಪಕ್ಷದವರು ಎತ್ತುವ ಅನವಸ್ಥೆ ನನ್ನ ಲ್ಯಾಬಿನಲ್ಲೇ ಕೂತಿತ್ತು. ಇಷ್ಟು ವರ್ಷಗಳ ಮೇಲೆ ನಾನು ತಲುಪಿರುವ ನಿಲುವು ಹೀಗಿದೆ. ಜೊತೆಗಾರರ ಮಾತನ್ನು ಮೊದಲು ಒಪ್ಪಿಕೊಂಡೇ ಕೆಲಸ ಶುರುಮಾಡಬೇಕು, ಎಲ್ಲರನ್ನೂ ಅನುಮಾನಿಸುವ ತಂಡ ಒಂದು ವಾಕ್ಯವನ್ನೂ ಮುಂದೆ ದಾಟಿಸಲಾರದು. ಆದರೆ ಬಾಧಕ ತಾನಾಗಿ ಬರಲೆಂದು ಕಾಯುವಂತಿಲ್ಲ, ಅದು ಬರುವ ಬಾಗಿಲನ್ನು ನಾವೇ ತೆರೆದಿಡಬೇಕು. ತಂಡದಲ್ಲಿ ತೀರ ಕಿರಿಯವಳೂ ‘ಇದು ಕೂಡುತ್ತಿಲ್ಲ’ ಎನ್ನಲು ಹೆದರಬಾರದು. ಆ ಹೆದರಿಕೆ ಇರುವಲ್ಲಿ ಸ್ವತಃ ಪ್ರಾಮಾಣ್ಯ ಬರೀ ವಿಧೇಯತೆಯಾಗಿ ಕೊಳೆಯುತ್ತದೆ.

ಇದಕ್ಕಾಗಿ ತರಗತಿಯಲ್ಲಿ ಒಂದು ಪದ್ಧತಿ ಇಟ್ಟಿದ್ದೇನೆ. ಒಂದು ಭಾಗ ಇನ್ನೊಂದಕ್ಕೆ ಕೊಡುವ ಮಾತು, ನಮ್ಮವರು ಇಂಟರ್‌ಫೇಸ್ ಎನ್ನುವುದು, ಒಂದು ಹಾಳೆಯಲ್ಲಿರಬೇಕು. ಪ್ರತಿ ಸಾಲಿನ ಎದುರಿಗೆ ಮೂರು ವಿಷಯ: ಹೇಳಿದವರು ಯಾರು, ಅವರಿಗೆ ತಿಳಿದದ್ದು ಹೇಗೆ, ಯಾವಾಗ. ‘ಗೊತ್ತಿಲ್ಲ, ಕೇಳಬೇಕು’ ಎಂದು ಬರೆದ ಸಾಲಿಗೂ ಪೂರ್ತಿ ಅಂಕ. ಗೊತ್ತಿಲ್ಲವೆಂದು ಹೇಳುವುದು ಇದ್ದುದನ್ನು ಇದ್ದ ಹಾಗೆ ಹೇಳುವುದೇ ತಾನೆ.

ಇತ್ತೀಚೆಗೆ ಈ ಹಾಳೆಗೆ ಹೊಸ ಕಷ್ಟ ಬಂದಿದೆ. ನೋಂದಣಿಯಾದ ಮೇಲೆ ಮಾಹಿತಿ ‘ಭೂಮಿ’ಗೆ ಹೋಗಿ ಮ್ಯುಟೇಷನ್ ಶುರುವಾಗುವ ಹಂತಗಳನ್ನು ಒಂದು ತಂಡ ಎಐಯಿಂದ ಬರೆಸಿಕೊಂಡು ತಂದಿತು. ಭಾಷೆ ನೀಟಾಗಿತ್ತು, ಹೇಳಿದವರು ಯಾರೆಂಬ ಕಾಲಂ ಖಾಲಿ. ಹೇಳಿದವರೇ ಇಲ್ಲದ ಮಾತಿಗೆ ಪ್ರಾಮಾಣ್ಯ ಉಂಟೇ ಎಂಬ ಚರ್ಚೆ ಒಂದು ಇಡೀ ಅವಧಿ ನಡೆಯಿತು. ಮೀಮಾಂಸಕರು ವೇದವನ್ನು ಅಪೌರುಷೇಯ ಎಂದು ಹೇಳಿ, ದೋಷ ಬರುವುದು ಹೇಳುವವನಿಂದ, ಹೇಳುವವನೇ ಇಲ್ಲವಾದ್ದರಿಂದ ದೋಷವೂ ಇಲ್ಲ ಎಂದು ವಾದಿಸಿದ್ದನ್ನು ವಿವರಿಸಿದೆ. ಎಐಗೆ ಇದು ಒಪ್ಪುವುದಿಲ್ಲ. ಅದರ ಮಾತು ಅಸಂಖ್ಯ ಜನರ ಬರಹಗಳಿಂದಲೇ ಬಂದದ್ದು, ಆ ಜನರ ದೋಷಗಳೆಲ್ಲ ಅದರಲ್ಲಿರಬಹುದು, ಆದರೆ ಅವರಲ್ಲೊಬ್ಬರನ್ನೂ ಕರೆದು ಕೇಳುವಂತಿಲ್ಲ. ವಾತ್ಸ್ಯಾಯನನ ಎರಡು ಷರತ್ತುಗಳಲ್ಲಿ, ಅದು ಜಮೀನನ್ನು ಕಂಡಿಲ್ಲ. ಇದ್ದ ಹಾಗೆ ಮುಟ್ಟಿಸಬೇಕೆಂಬ ಇಚ್ಛೆ ಅದಕ್ಕಿದೆಯೇ ಎಂಬ ಪ್ರಶ್ನೆಗೆ ತರಗತಿಯಲ್ಲಿ ಒಮ್ಮತ ಬರಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಆ ತಂಡದ ಹುಡುಗನೊಬ್ಬ ಎಐಯ ಹೆಸರನ್ನೇ ಕಾಲಂನಲ್ಲಿ ಬರೆಯೋಣ ಎಂದ. ಇನ್ನೊಬ್ಬಳು ಒಪ್ಪಲಿಲ್ಲ. ಹಾಳೆ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ, ಮ್ಯುಟೇಷನ್ ನೋಡಿಕೊಳ್ಳುವ ವಿಷಯ ನಿರ್ವಾಹಕರ ಮೇಜಿನೆದುರು ಕಾದು ನಿಂತು ಒಂದೊಂದೇ ಸಾಲು ಓದಿ ಕೇಳಿದಳು. ಬಹುಪಾಲು ಸಾಲುಗಳು ಸರಿಯಾಗಿದ್ದವು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವಾಗ 11ಇ ನಕ್ಷೆ ಬೇಕೆಂಬ ಹೆಜ್ಜೆ ಬಿಟ್ಟುಹೋಗಿತ್ತು. ಅದನ್ನು ಸೇರಿಸಿ, ಎದುರಿಗೆ ವಿಷಯ ನಿರ್ವಾಹಕರು ಹೇಳಿದ್ದು ಎಂದು ಬರೆದಳು. ಉಳಿದ ಸಾಲುಗಳಿಗೆ ತನ್ನ ಹೆಸರನ್ನೇ ಹಾಕಿ, ಪಕ್ಕದಲ್ಲಿ ‘ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಂಡದ್ದು’ ಎಂದು ತಾರೀಖು ಹಾಕಿದಳು. ರೂಢಿಯ ದಾರಿಯ ಬಗ್ಗೆ ಕೇಳಿದ್ದಕ್ಕೆ ಅವರು ತಮಗೆ ತಿಳಿಯದೆಂದರಂತೆ. ಅದನ್ನೂ ಒಂದು ಸಾಲಾಗಿ ಬರೆದು, ಹಳ್ಳಿಗೆ ಹೋಗಿ ಯಾರನ್ನು ಕೇಳಬೇಕೆಂದು ತಂಡದವರೊಂದಿಗೆ ಪಟ್ಟಿ ಮಾಡುತ್ತಿದ್ದಾಳೆ.